ಯಂತ್ರಕ್ಕೆ ‘ಕಾಣೆ’ ಕಲಿಸಿದ ತರಗತಿ

ಜಯಲಕ್ಷ್ಮೀ ಮೇಡಂ ಪಾಠ ಮಾಡುತ್ತಿದ್ದದ್ದು ಕಂಪ್ಯೂಟರ್ ವಿಭಾಗದಲ್ಲಿ. ಆದರೆ ಒಂದು ಸಾಲು ಪ್ರೋಗ್ರಾಂ ಬರೆಯಲೂ ಅವರಿಗೆ ಬರುತ್ತಿರಲಿಲ್ಲ. ಓದಿದ್ದು ತತ್ತ್ವಶಾಸ್ತ್ರ. ಚೆನ್ನೈನ ದಕ್ಷಿಣದ ಅಂಚಿನ ಆ ಎಂಜಿನಿಯರಿಂಗ್ ಕಾಲೇಜಿಗೆ ಅವರು ಸೇರಿದ್ದು ಹುಡುಗರಿಗೆ ಇಂಗ್ಲಿಷ್ ಕಲಿಸಲಿಕ್ಕೆ. ವಯಸ್ಸು ಐವತ್ತೈದರ ಹತ್ತಿರ ಬಂದಾಗ ‘ವೃತ್ತಿನೀತಿ ಮತ್ತು ಸಾಮಾಜಿಕ ಹೊಣೆ’ ಎಂಬ ಹೊಸ ವಿಷಯವೊಂದು ಪಠ್ಯದಲ್ಲಿ ಸೇರಿತು. ವಿಭಾಗದಲ್ಲಿ ಯಾರೂ ಅದನ್ನು ಮುಟ್ಟಲು ಒಪ್ಪಲಿಲ್ಲ. ಮುಖ್ಯಸ್ಥ ರವಿಕಿರಣ್ ಮೈಸೂರಿನವರು. ಕನ್ನಡ ಮಾತಾಡಬಹುದೆಂಬ ಸಲಿಗೆಯಲ್ಲಿ ಇವರ ಮೇಜಿನ ಬಳಿ ಬಂದು ನಿಂತರು.

“ಮೇಡಂ, ನಿಮ್ದು ಫಿಲಾಸಫಿ ಅಲ್ವಾ, ನೀವೇ ತಗೊಂಡ್ಬಿಡಿ. ಕಷ್ಟ ಏನಿಲ್ಲ. ಮಕ್ಕಳು ಹೇಗಿದ್ರೂ ಕೇಳಲ್ಲ.”

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಶುಕ್ರವಾರದ ಕೊನೆಯ ಪೀರಿಯಡ್ಡು. ಮುಂದಿನ ಬೆಂಚಿನವರು ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದರು, ಹಿಂದಿನ ಬೆಂಚಿನವರು ಕಾಲೇಜು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯುವ ಲೆಕ್ಕಾಚಾರದಲ್ಲಿರುತ್ತಿದ್ದರು. ಜಯಲಕ್ಷ್ಮೀ ಪುಸ್ತಕದಲ್ಲಿದ್ದಂತೆ ಪ್ರಾಮಾಣಿಕತೆ ಎಂದರೇನು, ಹೊಣೆ ಎಂದರೇನು ಎಂದು ವ್ಯಾಖ್ಯಾನ ಹೇಳಿ ಮುಗಿಸುತ್ತಿದ್ದರು. ಮನೆಗೆ ಬಂದು ಗಂಡ ತಿರುಮಲ ರಾಯರ ಹತ್ತಿರ ಒಮ್ಮೆ ಬೇಸರ ತೋಡಿಕೊಂಡರು.

“ನಾನು ಹೋಗೇ ಇಲ್ಲದ ಊರಿಗೆ ದಾರಿ ಹೇಳ್ತಿದ್ದೀನಿ, ನೋಡಿ. ಅವರು ಏನ್ ಮಾಡ್ತಾರೋ ನಂಗೆ ತಿಳಿಯದು. ಅದನ್ನ ಹ್ಯಾಗೆ ಮಾಡಬೇಕು ಅಂತ ಮಾತ್ರ ಪಾಠ.”

ರಾಯರು ವಿಮಾ ಕಚೇರಿಯಿಂದ ನಿವೃತ್ತರಾದವರು. ಕಿವಿ ಮಂದ. “ಯಾವ ಊರು?” ಎಂದರು. ಅವರು ತಮಾಷೆ ಮಾಡುತ್ತಿದ್ದಾರೋ ನಿಜಕ್ಕೂ ಕೇಳಿಸಲಿಲ್ಲವೋ ಎಂದು ತೀರ್ಮಾನಿಸುವುದನ್ನು ಜಯಲಕ್ಷ್ಮೀ ಎಂದೋ ಬಿಟ್ಟಿದ್ದರು.

ಮೈಲಾಪೂರಿನ ಹಳೆಯ ಫ್ಲ್ಯಾಟೊಂದರ ಎರಡನೆಯ ಮಹಡಿಯಲ್ಲಿ ಅವರ ಮನೆ. ಮುತ್ತಜ್ಜನ ಕಾಲಕ್ಕೇ ಮದರಾಸು ಸೇರಿದ ವಂಶ. ಮನೆಯೊಳಗಿನ ಮಾತು ಕನ್ನಡ, ಆದರೆ ಆ ಕನ್ನಡದ ಅರ್ಧಕ್ಕೆ ತಮಿಳಿನ ಒಗ್ಗರಣೆ. ಜಯಲಕ್ಷ್ಮೀಗೆ ಕಣ್ಣಿನಲ್ಲಿ ಗ್ಲಾಕೋಮಾ ಇರುವುದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ನೋಟದ ಅಂಚುಗಳು ಕತ್ತಲಾಗುತ್ತ ಒಳಕ್ಕೆ ಸರಿಯುತ್ತಿದ್ದವು. ಹಾಜರಿ ಪಟ್ಟಿಯನ್ನು ಮೂಗಿನ ತನಕ ತಂದುಕೊಂಡು ಓದುವುದನ್ನು ಇಡೀ ತರಗತಿ ಕಂಡಿತ್ತು. ಯಾರೂ ನಗುತ್ತಿರಲಿಲ್ಲ ಎಂಬುದೇ ಅವರಿಗೆ ಆ ಮಕ್ಕಳ ಮೇಲಿದ್ದ ಗೌರವಕ್ಕೆ ಮೊದಲ ಕಾರಣ.

ಒಂದು ಶುಕ್ರವಾರ ಅವರು ಪುಸ್ತಕ ಮುಚ್ಚಿಟ್ಟರು. “ಇವತ್ತಿಂದ ನಾನು ವಿದ್ಯಾರ್ಥಿ. ನೀವು ಏನೇನು ಕಟ್ಟುತ್ತಿದ್ದೀರೋ ಒಬ್ಬೊಬ್ಬರಾಗಿ ನನಗೆ ತೋರಿಸಿ. ನನಗೆ ಅರ್ಥವಾಗೋ ಹಾಗೆ ಹೇಳಿ. ಆಮೇಲೆ ನೀತಿ” ಎಂದರು ಇಂಗ್ಲಿಷಿನಲ್ಲಿ.

ಮೊದಲು ಎದ್ದು ಬಂದವರು ಕೌಶಿಕ್ ಮತ್ತು ತೇಜು. ಕೌಶಿಕ್ ಇವರ ಹಾಗೆಯೇ ಹಳೆಯ ಮದರಾಸು ಕನ್ನಡದ ಮನೆಯ ಹುಡುಗ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವನು. ತೇಜು ಮಂಡ್ಯದ ಕಡೆಯ ಹುಡುಗಿ, ತಂದೆಗೆ ವರ್ಗವಾಗಿ ಮೂರ್ನಾಲ್ಕು ವರ್ಷಗಳ ಕೆಳಗೆ ಚೆನ್ನೈಗೆ ಬಂದವಳು. ಇಬ್ಬರೂ ಸೇರಿ ಫೋನಿಗೆ ಓದಲು ಕಲಿಸಿದ್ದರು. ಕ್ಯಾಮೆರಾ ಎದುರು ಏನೇ ಬರಹ ಹಿಡಿದರೂ ಫೋನು ಅದನ್ನು ತಮಿಳು, ಕನ್ನಡ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿತ್ತು. ಸಾವಿರಾರು ಚಿತ್ರ ತೋರಿಸಿ, ಇದು ಇಂಥ ಅಕ್ಷರ, ಇದು ಇಂಥ ಪದ ಎಂದು ಹೇಳುತ್ತ ಹೋದರೆ, ಎಂದೂ ಕಾಣದ ಬರಹವನ್ನೂ ಅದು ತಾನಾಗಿ ಓದುವುದೆಂದು ತೇಜು ವಿವರಿಸಿದಳು.

“ನೀವು ಹೇಳಿಕೊಡದೇ ಇರೋದನ್ನೂ ಓದತ್ತಾ?”

“ಹೂಂ ಮೇಡಂ. ಹೆಂಗೆ ಅಂತ ಪೂರ್ತಿ ನಮಗೂ ಹೇಳಕ್ಕಾಗಲ್ಲ. ಓದ್ತದೆ, ಅಷ್ಟೇ.”

ಜಯಲಕ್ಷ್ಮೀ ಬೆರಗಾದರು. ಇಪ್ಪತ್ತೊಂದು ವರ್ಷದ ಮಕ್ಕಳು, ತಾವೇ ಪೂರಾ ಅರಿಯದ ಒಂದನ್ನು ಹುಟ್ಟಿಸಿ ಅದಕ್ಕೆ ಅಕ್ಷರಾಭ್ಯಾಸ ಮಾಡಿಸಿದ್ದಾರೆ. ಇಷ್ಟು ದಿನ ಇವರೆದುರು ತಾನು ವ್ಯಾಖ್ಯಾನ ಓದುತ್ತಿದ್ದೆನಲ್ಲ ಎಂದು ಸಂಕೋಚವಾಯಿತು. ಕೌಶಿಕ್ ಮೆಲ್ಲಗೆ, “ಮ್ಯಾಮ್, ಉಂಗ ಫೋನ್ ಕುಡುಂಗೊ” ಎಂದು ಅವರ ಫೋನು ಇಸಿದುಕೊಂಡು ಅದರಲ್ಲೇ ಆ ಓದುವ ಆ್ಯಪ್ ಹಾಕಿಕೊಟ್ಟ.

ಮರುದಿನ ಸಂಜೆ ಅವರು ದೇವಸ್ಥಾನದ ಬೀದಿಗೆ ಹೊರಟರು. ಹುಟ್ಟಿ ಬೆಳೆದ ಬೀದಿಯಾದರೂ ಎರಡು ವರ್ಷದಿಂದ ಅದು ಬಣ್ಣದ ಮಬ್ಬಾಗಿತ್ತು. ಕಾಲು ದಾರಿ ಬಲ್ಲದ್ದರಿಂದ ನಡೆಯುತ್ತಿದ್ದರು, ಅಷ್ಟೇ. ಒಂದು ಮೂಲೆಯಲ್ಲಿ ನಿಂತು ಫೋನು ಎತ್ತಿ ಹಿಡಿದರು. “ಹೊಸದಾಗಿ ಹುರಿದ ಕಾಫಿ ಪುಡಿ” ಎಂದಿತು ಕಿವಿಯಲ್ಲಿನ ದನಿ. ಸ್ವಲ್ಪ ತಿರುಗಿಸಿದರು. “ಪಾತ್ರೆಗಳಿಗೆ ಕಲಾಯಿ ಹಾಕಲಾಗುವುದು.” ಮತ್ತೆ ತಿರುಗಿಸಿದರು. “ಇಲ್ಲಿ ವಾಹನ ನಿಲ್ಲಿಸಬೇಡಿ. ವೀಣೆ ಕಲಿಸಲಾಗುವುದು, ಮಹಡಿ ಮೇಲೆ.” ವೀಣೆ ಕಲಿಸುವ ಮನೆ ಆ ಮಹಡಿಯ ಮೇಲಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಕಣ್ಣು ಚೆನ್ನಾಗಿದ್ದಾಗಲೂ ಅವರು ತಲೆಯೆತ್ತಿ ಅದನ್ನು ಓದಿರಲಿಲ್ಲ. ಹೂವಿನವಳು, “ಯಾರ ಫೋಟೋ ತೆಗೀತಿದ್ದೀರಮ್ಮ?” ಎಂದು ತಮಿಳಿನಲ್ಲಿ ಕೇಳಿದಳು. ಏನು ಹೇಳಬೇಕೋ ತೋಚದೆ ಜಯಲಕ್ಷ್ಮೀ ಎರಡು ಮೊಳ ಮಲ್ಲಿಗೆ ಕೊಂಡರು. ಬೀದಿಗೆ ಬೀದಿಯೇ ಅವರ ಹೆಸರು ಹಿಡಿದು ಕರೆದಂತಾಗಿತ್ತು. ಕಣ್ಣೊರೆಸಿಕೊಳ್ಳುತ್ತ ನಡೆದರು.

ಅಲ್ಲಿಂದಾಚೆಗೆ ಅವರು ಫೋನಿಗೆ ಒಗ್ಗಿಹೋದರು. ಪತ್ರಿಕೆ, ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ಉತ್ತರ ಪತ್ರಿಕೆ, ಎಲ್ಲವನ್ನೂ ಅದೇ ಓದಿತು. ಫ್ರಿಜ್ಜಿನ ಬಾಗಿಲಲ್ಲಿ ಅವರ ಕಣ್ಣಿನ ಸೊಟ್ಟು ಮರುಂದು, ಅಂದರೆ ಹನಿಯೌಷಧದ ಪುಟ್ಟ ಬಾಟಲಿ ಇರುತ್ತಿತ್ತು. ಅದರ ಪಕ್ಕದಲ್ಲೇ ರಾಯರ ಕಿವಿಯದ್ದು. ಎರಡೂ ಒಂದೇ ಗಾತ್ರ, ಒಂದೇ ಬಿಳುಪು. ಗುರುತಿಗಾಗಿ ತಮ್ಮದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಡುವುದು ಜಯಲಕ್ಷ್ಮೀಯ ರೂಢಿ. ಫೋನು ಓದತೊಡಗಿದ ಮೇಲೆ ಹೊಸ ಬಾಟಲಿಗೆ ಬ್ಯಾಂಡ್ ಸುತ್ತಲಿಲ್ಲ. ಓದಿ ಹೇಳುವುದು ಕೈಯಲ್ಲೇ ಇರುವಾಗ ಅದೆಲ್ಲ ಯಾಕೆ ಎನಿಸಿತ್ತು.

ಒಂದು ಬೆಳಗ್ಗೆ ಕಾಫಿಗೆ ಮುಂಚೆ ಬಾಟಲಿ ತೆಗೆದು ಫೋನಿನ ಎದುರು ಹಿಡಿದರು. ಫ್ರಿಜ್ಜಿನ ತೇವಕ್ಕೆ ಚೀಟಿ ಅರ್ಧ ಅಳಿಸಿತ್ತು. ಇಂಗ್ಲಿಷಿನಲ್ಲಿ ಕಣ್ಣಿಗೂ ಮೂರಕ್ಷರ, ಕಿವಿಗೂ ಮೂರಕ್ಷರ, ಎರಡಕ್ಕೂ ಮೊದಲಕ್ಷರ ಒಂದೇ. ಉಳಿದದ್ದು ಆ ಮೊದಲಕ್ಷರ ಮಾತ್ರ. “ಕಣ್ಣಿನ ಹನಿ” ಎಂದಿತು ಫೋನು. ಬೀದಿಯ ಬೋರ್ಡು ಓದುವಾಗ ಇದ್ದಷ್ಟೇ ಸ್ಪಷ್ಟವಾದ, ಅಷ್ಟೇ ಪ್ರೀತಿಯ ದನಿ. ಜಯಲಕ್ಷ್ಮೀ ತಲೆ ಹಿಂದಕ್ಕೆ ಬಾಗಿಸಿ ಬಲಗಣ್ಣಿಗೆ ಹನಿ ಬಿಟ್ಟುಕೊಂಡರು.

ಮೆಣಸಿನಕಾಯಿ ಹಿಂಡಿದ ಹಾಗಾಯಿತು. ಕೂಗಿಗೆ ರಾಯರು ಓಡಿ ಬಂದರು. ಕಿವಿ ಮಂದವಾದರೂ ಆ ಕೂಗು ಕೇಳಿಸಿತ್ತು. ಬಾಟಲಿ ನೋಡಿದರೆ ಅದು ಅವರ ಕಿವಿಯ ಹನಿ. ಹೆಂಡತಿಯನ್ನು ಸಿಂಕಿನ ಬಳಿಗೆ ಒಯ್ದು, ನಲ್ಲಿ ಬಿಟ್ಟು, ಕೈ ಬೊಗಸೆ ಮಾಡಿ ನೀರು ಎರಚುತ್ತಲೇ ಇದ್ದರು.

“ತೆರಿ, ಕಣ್ಣು ತೆರಿ ಜಯಾ. ಎರಿಚ್ಚಲ್ ಕಡಿಮೆ ಆಯ್ತಾ?”

“ಉರೀತಿದೆ. ನಿಲ್ಲಿಸಬೇಡಿ, ಹಾಕ್ತಾ ಇರಿ.”

ಆಟೋ ಹಿಡಿದು ಕಣ್ಣಿನ ಆಸ್ಪತ್ರೆಗೆ ಹೋದರು. ಕಣ್ಣಿನ ಮೇಲ್ಪದರ ಸುಟ್ಟಂತಾಗಿದೆ, ತಕ್ಷಣ ತೊಳೆದದ್ದರಿಂದ ಉಳಿಯಿತು, ವಾರದಲ್ಲಿ ವಾಸಿಯಾಗುತ್ತದೆ ಎಂದರು ಡಾಕ್ಟರು. ಹಿಂದಿರುಗುವಾಗ ಆಟೋದಲ್ಲಿ ರಾಯರು ಸಿಡುಕಿದರು. “ಆ ಸನಿಯನ್, ಹಾಳು ಫೋನನ್ನ ಮೊದಲು ತೂಕ್ಕಿ ಪೋಡು, ಎಸೆದ್ಬಿಡು. ಕಾಲೇಜಿಗೆ ನಾನೇ ಬಂದು ಆ ಹುಡುಗರನ್ನ ಕೇಳ್ತೀನಿ.”

“ನೀವು ಬರಬೇಡಿ. ನಾನೇ ಕೇಳಬೇಕು” ಎಂದರು ಜಯಲಕ್ಷ್ಮೀ. ಅವರ ಮನಸ್ಸನ್ನು ಕೊರೆಯುತ್ತಿದ್ದದ್ದು ಉರಿಯಲ್ಲ, ಆ ದನಿ. ಅರ್ಧ ಅಳಿಸಿದ್ದನ್ನು ಕಂಡೂ ಅದು ಯಾಕೆ ಅಷ್ಟು ನೆಮ್ಮದಿಯಿಂದ ಮಾತಾಡಿತು?

ಶುಕ್ರವಾರ ಕಪ್ಪು ಕನ್ನಡಕ ಹಾಕಿಕೊಂಡು ತರಗತಿಗೆ ಹೋದರು. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಲ್ಯಾಬ್ ರೆಕಾರ್ಡುಗಳು ತಾವಾಗಿ ಮುಚ್ಚಿಕೊಂಡವು. ತೇಜು ಅಳಲು ಶುರುಮಾಡಿದಳು.

“ನನ್ನ ಕಣ್ಣು ಸರಿಹೋಗತ್ತೆ. ಸಾರಿ ಯಾರೂ ಕೇಳಬೇಡಿ” ಎಂದರು ಮೇಡಂ. “ನನಗೆ ಒಂದೇ ಒಂದು ತಿಳೀಬೇಕು. ಆ ಬಾಟಲಿ ನೋಡಿದಾಗ ಅದಕ್ಕೆ ಅನುಮಾನ ಬರಲಿಲ್ವಾ?”

ಕೌಶಿಕ್ ಅವರ ಫೋನನ್ನು ತನ್ನ ಲ್ಯಾಪ್‌ಟಾಪಿಗೆ ಸೇರಿಸಿ ಆ ಬೆಳಗಿನ ದಾಖಲೆ ತೆಗೆದ. ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದಿದ. ಆಮೇಲೆ ಆತ ಮಾತಾಡಿದ್ದು, ಅಚ್ಚರಿಯೆಂದರೆ, ತಡವರಿಸುತ್ತ ಕನ್ನಡದಲ್ಲಿ.

“ಬಂದಿತ್ತು ಮ್ಯಾಮ್. ಪ್ರತಿ ಪದಕ್ಕೂ ಅದು ಮಾರ್ಕ್ಸ್ ಹಾಕ್ತದೆ, ಎಷ್ಟು ನಿಶ್ಚಯ ಅಂತ. ಕಣ್ಣಿಗೆ ಸ್ವಲ್ಪ ಜಾಸ್ತಿ, ಕಿವಿಗೆ ಸ್ವಲ್ಪ ಕಮ್ಮಿ. ಅಷ್ಟೇ ವ್ಯತ್ಯಾಸ. ನೀವು ದಿನಾ ಕಣ್ಣಿನದೇ ತೋರಿಸ್ತೀರಿ ಅಂತ ಅದು ಆ ಕಡೆ ವಾಲಿದೆ.”

“ಮತ್ತೆ ಆ ಅನುಮಾನ ನನ್ನವರೆಗೂ ಯಾಕೆ ಬರಲಿಲ್ಲ?”

“ನಾನು ತೆಗೆದೆ” ಎಂದ ಕೌಶಿಕ್.

ತೇಜು ಕಣ್ಣೊರೆಸಿಕೊಂಡು ಪಕ್ಕ ನಿಂತಳು. “ಇಬ್ರೂ ತೆಗ್ದಿದ್ದು ಮೇಡಂ. ಮೊದಲು ‘ಇರಬಹುದು’ ಅಂತ ಹೇಳ್ತಿತ್ತು. ಫ್ರೆಂಡ್ಸೆಲ್ಲ ಇದೇನು ಹಿಂಗೆ ತೊದಲ್ತದೆ ಅಂತ ನಗಾಡಿದ್ರು. ಯಾವ್ದಕ್ಕೆ ಮಾರ್ಕ್ಸ್ ಜಾಸ್ತಿಯೋ ಅದನ್ನೇ ಹೇಳು ಅಂತ ಬರೆದ್ಬಿಟ್ವಿ. ಒಂದು ಸಾಲು. ಕ್ಯಾಂಟೀನಲ್ಲಿ ಟೀ ಕುಡೀತಾ ಬರೆದಿದ್ದು.”

ಜಯಲಕ್ಷ್ಮೀ ಕುರ್ಚಿಯಲ್ಲಿ ಕುಳಿತರು. ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬೆರಗು, ಅದರೊಳಗೆ ಭಯವೂ ಬೆರೆತಿತ್ತು. ಕ್ಯಾಂಟೀನಿನ ಒಂದು ಮೇಜು, ಎರಡು ಟೀ, ಒಂದು ಸಾಲು. ಅಲ್ಲಿ ಇಬ್ಬರು ಮಕ್ಕಳು ಯಂತ್ರದ ಅನುಮಾನವೊಂದನ್ನು ಅಳಿಸಿ ಹಾಕಿದರು, ಅದು ಇಷ್ಟು ದೂರ ಬಂದು ತನ್ನ ಅಡುಗೆಮನೆಯಲ್ಲಿ ತನ್ನ ಕಣ್ಣಿಗೆ ಬಿತ್ತು. ಇವರ ಕೈ ಎಷ್ಟು ಉದ್ದ. ಆ ಕೈ ಎಲ್ಲಿಯವರೆಗೆ ಚಾಚಿದೆ ಎಂದು ಇವರಿಗೆ ಯಾರೂ ತೋರಿಸಿಯೇ ಇಲ್ಲ. ತಾನು ಕಲಿಸಬೇಕಾದದ್ದು ಇದೊಂದೇ ಎಂದು ಅವರಿಗೆ ಆ ಕ್ಷಣ ಹೊಳೆಯಿತು.

ಹಿಂದಿನ ಬೆಂಚಿನಿಂದ ಚಂದು ಎಂಬ ಹುಡುಗ ಎದ್ದ. ಎದುರಾಡುವುದರಲ್ಲಿ ಹೆಸರಾದವನು. “ಮ್ಯಾಮ್, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಔಷಧಿಗೆ ಬಳಸಬೇಡಿ ಅಂತ ಆ್ಯಪಿನಲ್ಲಿ ಎಚ್ಚರಿಕೆ ಬರೆದಿದೆ. ನೀವೂ ನೋಡಿಕೋಬೇಕಿತ್ತು.”

“ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದೆ?” ಎಂದರು ಮೇಡಂ.

ತರಗತಿ ನಕ್ಕಿತು. ಚಂದುವೂ ನಕ್ಕ. “ಆದರೆ ನೀನು ಹೇಳಿದ್ದೂ ಸರಿ” ಎಂದು ಅವರು ಸೇರಿಸಿದರು. “ನಾನು ಬಾಟಲಿಗೆ ಗುರುತು ಕಟ್ಟೋದನ್ನ ಬಿಟ್ಟೆ. ಯಾಕೆ ಬಿಟ್ಟೆ ಅಂತಲೂ ಮಾತಾಡೋಣ.” ಅಲ್ಲಿಂದ ವಾದ ಹೊತ್ತಿಕೊಂಡಿತು. ಎಲ್ಲದಕ್ಕೂ ಗೊತ್ತಿಲ್ಲ ಎನ್ನುವ ಯಂತ್ರವನ್ನು ಯಾರು ಬಳಸುತ್ತಾರೆ ಎಂದರು ಕೆಲವರು. ಬೋರ್ಡು ತಪ್ಪಿದರೆ ನಗು, ಔಷಧಿ ತಪ್ಪಿದರೆ ಆಸ್ಪತ್ರೆ, ಎರಡಕ್ಕೂ ಒಂದೇ ಅಳತೆಯೇ ಎಂದಳು ನೇಹಾ ಎಂಬ ಹುಡುಗಿ. ಕಾಲೇಜು ಬಸ್ಸು ಹಾರ್ನ್ ಹೊಡೆದ ಮೇಲೂ ಯಾರೂ ಚೀಲ ಎತ್ತಲಿಲ್ಲ. ಕೊನೆಗೆ ವಾದ ಬಸ್ಸು ಹತ್ತಿತು. ಅಡ್ಯಾರಿನಲ್ಲಿ ಇಳಿಯಬೇಕಾದವರು ಮುಂದಿನ ಸ್ಟಾಪಿನ ತನಕ ಹೋದರಂತೆ.

ಮುಂದಿನ ಶುಕ್ರವಾರ ಮೇಡಂ ಒಳಗೆ ಬಂದಾಗ ಕೋಣೆಯಲ್ಲಿ ಔಷಧಿ ಅಂಗಡಿಯ ವಾಸನೆ. ಮೇಜನ್ನು ಕೈಯಿಂದ ಸವರಿದರೆ ಬಾಟಲಿಗಳು, ಬಾಟಲಿಗಳು. ಚೀಟಿ ಹರಿದವು, ತೇವಕ್ಕೆ ಮಸುಕಾದವು, ಬೆರಳು ಸವೆಸಿ ಅಕ್ಷರ ಹೋದವು, ಬೆಳ್ಳಿಯ ಹಾಳೆ ಕತ್ತರಿಸಿ ಹೆಸರಿಲ್ಲದಾದ ಮಾತ್ರೆಗಳು. ಯಂತ್ರಕ್ಕೆ ಇಷ್ಟು ದಿನ ಅಚ್ಚುಕಟ್ಟಾದ ಬರಹವನ್ನಷ್ಟೇ ತೋರಿಸಿದ್ದೆವು, ಓದಲಾಗದ್ದನ್ನು ತೋರಿಸಿಯೇ ಇರಲಿಲ್ಲ, ಹಾಗಾಗಿ ಅದಕ್ಕೆ ಓದಲಾಗದು ಎಂದರೇನೆಂದು ತಿಳಿಯದು ಎಂದು ಕೌಶಿಕ್ ಇಡೀ ತರಗತಿಗೆ ಸಂದೇಶ ಕಳಿಸಿದ್ದನಂತೆ. ಪ್ರತಿಯೊಬ್ಬರೂ ಮನೆಯ ಡಬ್ಬಿ ಸೋಸಿ ತಂದಿದ್ದರು. ಎಲ್ಲರಿಗಿಂತ ಹೆಚ್ಚು ತಂದವನು ಚಂದು. ಪುರಸೈವಾಕ್ಕಂನಲ್ಲಿ ಅವನ ಚಿಕ್ಕಪ್ಪನದು ಮೆಡಿಕಲ್ ಶಾಪು. ಅವಧಿ ಮುಗಿದವನ್ನು ಚೀಲ ತುಂಬ ಹೊತ್ತು ತಂದಿದ್ದ.

“ನೀನು ಎಚ್ಚರಿಕೆ ಸಾಕು ಅಂತಿದ್ದೆಯಲ್ಲಪ್ಪ?”

“ಈಗಲೂ ಅಂತೀನಿ ಮ್ಯಾಮ್. ಸಾಕೋ ಇಲ್ವೋ ನೋಡೇಬಿಡೋಣ ಅಂತ.”

ಆ ಸೆಮಿಸ್ಟರಿನ ಉಳಿದ ಶುಕ್ರವಾರಗಳು ಹೀಗೆ ಕಳೆದವು. ಎಷ್ಟು ಅನುಮಾನ ಬಂದರೆ ಬಾಯಿಬಿಟ್ಟು ಹೇಳಬೇಕು ಎಂಬುದು ತರಗತಿಯಲ್ಲಿ ತೀರ್ಮಾನವಾಗಲಿಲ್ಲ. “ನಾವು ನಾವೇ ಯಾಕೆ ಮಾತಾಡ್ತಿದ್ದೀವಿ? ಬಳಸೋರನ್ನ ಕೇಳೋಣ” ಎಂದರು ಮೇಡಂ. ಡಾಕ್ಟರ ಒಪ್ಪಿಗೆ ಪಡೆದು ಏಳೆಂಟು ಮಂದಿಯನ್ನು ತಾವು ಹೋಗುವ ಕಣ್ಣಿನ ಆಸ್ಪತ್ರೆಯ ವರಾಂಡಕ್ಕೆ ಕರೆದೊಯ್ದರು. ಯಂತ್ರಕ್ಕೆ ತಿಳಿಯದಿದ್ದರೆ ಸುಮ್ಮನಿದ್ದರಾಯಿತು ಎಂದು ಮಕ್ಕಳು ಅಂದುಕೊಂಡಿದ್ದರು. ಅಲ್ಲಿ ಕೂತಿದ್ದ ಸೀತಾರಾಮ ಎಂಬ ನಿವೃತ್ತ ಪೋಸ್ಟ್‌ಮಾಸ್ಟರು ಅದನ್ನು ಒಪ್ಪಲಿಲ್ಲ. “ಸುಮ್ಮನಾದರೆ ಫೋನು ಕೆಟ್ಟಿತು ಅಂದ್ಕೋತೀನಿ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಲಿ. ಆಗ ಪಕ್ಕದವರನ್ನ ಕೇಳ್ತೀನಿ” ಎಂದರು. ಹುಡುಗರು ಅದನ್ನು ಬರೆದುಕೊಂಡರು.

ಹಾಗಾದರೆ ಯಾವ ಮಾತಿನಲ್ಲಿ ಹೇಳಬೇಕು? ತಮಿಳಿಗೆ ಕಷ್ಟವಾಗಲಿಲ್ಲ. ‘ತೆರಿಯಲೆ’ ಎಂದರೆ ಸಾಕು, ಕಾಣಿಸಲಿಲ್ಲ ಎಂದೂ ಆಗುತ್ತದೆ, ಗೊತ್ತಿಲ್ಲ ಎಂದೂ ಆಗುತ್ತದೆ ಎಂದ ಕೌಶಿಕ್. ಕನ್ನಡಕ್ಕೆ ತೇಜು ತಲೆ ಕೆರೆದುಕೊಂಡಳು.

“‘ಗುರುತಿಸಲು ಸಾಧ್ಯವಾಗಿಲ್ಲ’ ಅಂತ ಹಾಕಿದ್ದೀನಿ ಮೇಡಂ. ಬ್ಯಾಂಕ್‌ನೋರು ಮಾತಾಡ್ದಂಗೆ ಕೇಳ್ತದೆ.”

ಜಯಲಕ್ಷ್ಮೀ ನಕ್ಕರು. “ನಮ್ಮಜ್ಜಿಯನ್ನ ಏನಾದರೂ ಕೇಳಿದ್ರೆ, ತಿಳೀದೆ ಇದ್ರೆ, ‘ನಾ ಕಾಣೆ’ ಅಂದ್ಬಿಡೋರು. ತಮಿಳಿನಲ್ಲಿರೋ ಹಾಗೇ. ಕಂಡಿಲ್ಲ, ತಿಳಿದಿಲ್ಲ, ಎರಡೂ ಅದರಲ್ಲೇ.”

ಸೆಮಿಸ್ಟರಿನ ಕೊನೆಯ ಪಾಠದ ದಿನ, ಮನೆಯಿಂದ ತಂದಿದ್ದ ಆ ಬಾಟಲಿಯನ್ನೇ ಮೇಡಂ ಫೋನಿನ ಎದುರು ಹಿಡಿದರು. ಅರವತ್ತು ಮಂದಿ ಮುಂದಕ್ಕೆ ಬಾಗಿ ಕೂತಿದ್ದರು. ಫೋನು ಒಂದು ಗಳಿಗೆ ತಡೆಯಿತು. ಆಮೇಲೆ ಹೇಳಿತು: “ಕಾಣೆ. ಅಕ್ಷರ ಅಳಿಸಿದೆ. ಹತ್ತಿರ ಯಾರಾದರೂ ಇದ್ದರೆ ಅವರನ್ನು ಕೇಳಿ.”

ಜಯಲಕ್ಷ್ಮೀ ಬಾಟಲಿಯನ್ನು ಕೌಶಿಕ್ ಕಡೆಗೆ ಚಾಚಿದರು. ಓದಲು ಕಲಿತಾಗ ಆ ಯಂತ್ರ ಅವರನ್ನು ಬೆರಗುಗೊಳಿಸಿತ್ತು ನಿಜ. ಆದರೆ ಇದರ ಮುಂದೆ ಅದು ಏನೂ ಅಲ್ಲ. ತನಗೆ ತಿಳಿಯದು ಎನ್ನುವುದನ್ನು ಒಪ್ಪಿಕೊಂಡು, ಮನುಷ್ಯರ ಕಡೆಗೆ ಕೈತೋರಿಸಿ ಅದು ಸುಮ್ಮನಾಗಿತ್ತು. ಓದಿದ ದೊಡ್ಡ ದೊಡ್ಡವರಿಗೆ ಬಾರದ ಆ ಒಂದು ಮಾತನ್ನು ಅದರ ಬಾಯಲ್ಲಿ ಇಟ್ಟವರು ಈ ಮಕ್ಕಳು. ತಾನು ಕೊಟ್ಟದ್ದು ಅಜ್ಜಿಯ ಒಂದು ಪದ, ಉಳಿದದ್ದೆಲ್ಲ ಅವರೇ ಹುಡುಕಿ, ಜಗಳವಾಡಿ, ಬಾಟಲಿ ಹೊತ್ತು ಕಟ್ಟಿದ್ದು. “ಪಕ್ಕದಲ್ಲಿದ್ದೀಯಲ್ಲ ಕೌಶಿಕ್, ಕೇಳ್ತಿದ್ದೀನಿ. ಇದು ಯಾವ ಹನಿ?” ಎಂದರು. “ಕಿವಿ ಮ್ಯಾಮ್” ಎಂದ ಅವನು, ಬಹಳ ಮೆತ್ತಗೆ.

ಪ್ರಾಜೆಕ್ಟಿಗೆ ಪರೀಕ್ಷಕರು ಸಾಧಾರಣ ಅಂಕವನ್ನೇ ಕೊಟ್ಟರು. ಮೇಲಿಂದ ಮೇಲೆ ತಿಳಿಯದು ಎನ್ನುತ್ತದೆ, ಇನ್ನೂ ಪಳಗಬೇಕು ಎಂದು ಷರಾ ಬರೆದರು. ತೇಜುವಿಗೆ ಬೇಸರವಾಯಿತು, ಕೌಶಿಕ್‌ಗೆ ಅಷ್ಟಾಗಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಪರಿಚಯವಾದ ಕೆಲವರು ಅದನ್ನು ಇಂದಿಗೂ ಬಳಸುತ್ತಾರೆ. ತಿರುಮಲ ರಾಯರು ಫೋನನ್ನು ಕ್ಷಮಿಸಿಲ್ಲ. ಆದರೆ ಅದು ‘ಕಾಣೆ’ ಎಂದಾಗಲೆಲ್ಲ, “ಕೊಡು ಇಲ್ಲಿ, ನಾನು ನೋಡ್ತೀನಿ” ಎಂದು ಎದ್ದು ಬರುತ್ತಾರೆ. ಆ ಮಾತು ಮಾತ್ರ ಅವರಿಗೆ ಹೇಗೋ ಕೇಳಿಸುತ್ತದೆ.

ಜಯಲಕ್ಷ್ಮೀಯ ಕಣ್ಣು ಆಮೇಲೂ ಕುಗ್ಗುತ್ತ ಹೋಯಿತು. ಈಗ ಕಿಟಕಿ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. ಪಾಠ ಬಿಡುವ ಮಾತನ್ನು ಅವರೇ ಎತ್ತಿದಾಗ ರವಿಕಿರಣ್, “ಆ ಕ್ಲಾಸಿಗೆ ಹುಡುಗರು ಬೇರೆ ಸೆಕ್ಷನ್ನಿಂದ ನುಸುಳಿ ಬರ್ತಾರೆ ಮೇಡಂ. ನೀವು ಬಿಟ್ರೆ ನಾನು ಅವರಿಗೆ ಏನಂತ ಹೇಳ್ಲಿ?” ಎಂದು ಕೈಮುಗಿದರು. ಹೊಸ ಬ್ಯಾಚಿನ ಮೊದಲ ದಿನ ಅವರು ಒಂದೇ ನಿಯಮ ಹೇಳಿದರು. “ನನಗೆ ನಿಮ್ಮ ಮುಖ ಕಾಣೋದಿಲ್ಲ. ಯಾರೇ ಮಾತಾಡಿದರೂ ಮೊದಲು ಹೆಸರು ಹೇಳಿ.”

ಅನುಕೂಲಕ್ಕೆಂದು ಮಾಡಿದ ನಿಯಮ ಅದು. ಅದರಿಂದ ಏನಾಗುತ್ತದೆಂದು ಅವರೂ ಎಣಿಸಿರಲಿಲ್ಲ. ‘ಕಂಪನಿ ಹೇಳಿತು’, ‘ಎಲ್ಲರೂ ಹಾಗೇ ಮಾಡುತ್ತಾರೆ’, ‘ಸಿಸ್ಟಮ್ ಹಾಗಿದೆ’ ಎಂಬ ಮಾತುಗಳು ಹೆಸರಿನ ಹಿಂದೆ ಬಂದಾಗ ನಾಲಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಹೆಸರು ಹೇಳಿದವರು ಒಂದು ಕ್ಷಣ ತಡೆದು, ಬೇರೆ ಏನನ್ನೋ, ತಮ್ಮದೇ ಆದದ್ದನ್ನು ಹೇಳುತ್ತಿದ್ದರು. ದನಿಗಳು ಎಡದಿಂದ, ಬಲದಿಂದ, ಹಿಂದಿನ ಗೋಡೆಯ ಕಡೆಯಿಂದ ಒಂದೊಂದಾಗಿ ಎದ್ದು ಬರುತ್ತಿದ್ದವು. ಕಣ್ಣಿದ್ದ ಇಷ್ಟು ವರ್ಷಗಳಲ್ಲಿ ಒಂದು ತರಗತಿಯಲ್ಲಿ ಇಷ್ಟು ಬೇರೆ ಬೇರೆ ಜನ ಇರುತ್ತಾರೆಂದು ಅವರಿಗೆ ತೋರಿರಲೇ ಇಲ್ಲ.

ಮೊನ್ನೆಯ ಶುಕ್ರವಾರ ಅವರು ಏನನ್ನೋ ಹೇಳಿ ಮುಗಿಸಿದ್ದರು. ಕಿಟಕಿಯ ಕಡೆಯಿಂದ ಕುರ್ಚಿ ಸರಿದ ಸದ್ದಾಯಿತು.

“ನಾನು ಮಾನ್ಯಾ. ನೀವು ಹೇಳಿದ್ದನ್ನ ನಾನು ಒಪ್ಪಲ್ಲ ಮೇಡಂ.”

ಜಯಲಕ್ಷ್ಮೀ ಆ ದನಿಯ ಕಡೆಗೆ ತಿರುಗಿ, ಕುರ್ಚಿ ಎಳೆದುಕೊಂಡು ಕುಳಿತರು. “ಹೇಳಮ್ಮ” ಎಂದರು.